ಫ್ಲೆಕ್ಸಿನಲ್ಲಿ ಬೆಳೆದ ವಂಶವೃಕ್ಷ

ಹತ್ತಡಿ ಎತ್ತರದ ಫ್ಲೆಕ್ಸಿನಲ್ಲಿ ನಮ್ಮ ಕುಟುಂಬದ ಐದು ತಲೆಮಾರು ನೇತಾಡುತ್ತಿತ್ತು. ಬುಡದಲ್ಲಿ ಮುತ್ತಜ್ಜನ ಅಪ್ಪ, ಕೊಂಬೆಕೊಂಬೆಗೆ ಗಂಡುಮಕ್ಕಳು, ತುದಿಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಶೇಖರ ಭಾವ. ಹೆಣ್ಣೆಂಬುದು ಮದ್ದಿಗೂ ಇಲ್ಲ. ಐದು ತಲೆಮಾರು ಗಂಡಸರೇ ಗಂಡಸರನ್ನು ಹೆತ್ತ ಪವಾಡ ಕಿರಿಮಂಜೇಶ್ವರದಲ್ಲಿ ನಡೆದದ್ದು ನನಗೆ ಗೊತ್ತೇ ಇರಲಿಲ್ಲ.

(ನನ್ನ ಹೆಸರೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಮೊದಲು ಸಿಟ್ಟು ಬಂದದ್ದು ಅದಕ್ಕೇ.)

ಶೇಖರ ಭಾವ ನನ್ನ ಸೋದರಮಾವನ ಮಗ. ಮುಂಬೈಯಲ್ಲಿ ಎರಡು ಹೋಟೆಲ್, ಊರಲ್ಲಿ ನಮ್ಮ ಮೂಲಮನೆ ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷಗಿರಿ. ನಮ್ಮದೋ ಅಳಿಯಸಂತಾನದ ಮನೆ. ಬಳಿ, ಅಂದರೆ ಕುಲದ ಹೆಸರು, ಇಲ್ಲಿ ತಾಯಿಯಿಂದ ಬರುವುದು. ಮಾವನ ಮಕ್ಕಳು ಅವರ ತಾಯಿಯ ಬಳಿಗೆ ಸೇರಿದವರು. ಆ ಲೆಕ್ಕದಲ್ಲಿ ಫ್ಲೆಕ್ಸಿನ ಮುಕ್ಕಾಲು ಜನ ಈ ಮನೆಯ ಬಳಿಯವರೇ ಅಲ್ಲ. ಅಧ್ಯಕ್ಷರೂ ಅಲ್ಲ.

"ಎಂತ ಭಾವ ಇದ್?" ಅಂದೆ.

"ಎಲ್ಲಾ ಕಡೆಯೂ ಅಪ್ಪ-ಮಗ ಅಂದೇ ಬರುದ್ ಮಾರಾಯ. ಯಹೂದಿಗಳ ಹೀಬ್ರೂ ಗ್ರಂಥದಗೂ ಹಾಂಗೇ ಇತ್ತ್. ಯೂಟ್ಯೂಬಗೆ ಕಾಣ್."

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಸಮಿತಿ ಇನ್ನೊಂದು ನಿರ್ಣಯ ಮಾಡಿತ್ತು. ನಾಗಪೂಜೆಯ ದಿನ ಮೊದಲ ದೀಪ ಹಚ್ಚುವವರು ಫ್ಲೆಕ್ಸಿನಲ್ಲಿ ಹೆಸರಿದ್ದವರ ಮನೆಯವರೇ ಆಗಬೇಕು. ಬಿಡಿಸಿ ಹೇಳಿದರೆ, ಅಧ್ಯಕ್ಷರ ಹೆಂಡತಿ. ನಲವತ್ತು ವರ್ಷ ಆ ದೀಪ ಹಚ್ಚಿದವಳು ಮನೆಯ ಹಿರಿಯ ಹೆಣ್ಣು, ನನ್ನ ದೊಡ್ಡಮ್ಮ. ವಂಡ್ಸೆಯಿಂದ ಬಸ್ಸು ಬದಲಿಸಿಕೊಂಡು ಪ್ರತಿ ಸಂಕ್ರಾಂತಿಗೂ ಬರುತ್ತಾಳೆ, ಎಣ್ಣೆ ಬಾಟಲಿ ಬ್ಯಾಗಿನಲ್ಲೇ ಇಟ್ಟುಕೊಂಡು.

"ಹೆಸ್ರ್ ನಂಗೆಂತಕ್ ಮಗಾ? ಆರೆ ದೀಪ ಹಚ್ಚುಕೂ ಬಪ್ಪುದ್ ಬ್ಯಾಡ ಅಂಬ್ರಾ?" ಅಂದಳು ಫೋನಿನಲ್ಲಿ.

ನನಗೆ ಮೈಯೆಲ್ಲ ಉರಿಯಿತು. ಬ್ರಹ್ಮಾವರದ ಗೆಳೆಯರೊಬ್ಬರಿಗೆ ಫೋನ್ ಹಚ್ಚಿದೆ. ನಿವೃತ್ತ ಮಾಸ್ಟ್ರು, ಕ್ರೈಸ್ತರು, ಆ ಗ್ರಂಥಗಳನ್ನು ಅರೆದು ಕುಡಿದವರು.

"ಅಪ್ಪ-ಮಗನ ಪಟ್ಟಿ ಹೌದು," ಅಂದರು ಮಾಸ್ಟ್ರು. "ಆದ್ರೆ ಅದು ಜಂಬಕ್ಕೆ ಬರೆದದ್ದಲ್ಲ. ಯಾವ ಕುಲಕ್ಕೆ ಯಾವ ಭೂಮಿ, ಯಾರು ಪೂಜೆಗೆ ನಿಲ್ಲಬೇಕು, ಅದಕ್ಕೆ. ಗಂಡುಮಕ್ಕಳಿಲ್ಲದವನೊಬ್ಬ ಸತ್ತ. ಅವನ ಐದು ಜನ ಹೆಣ್ಣುಮಕ್ಕಳು ಸಭೆಯೆದುರು ನಿಂತು, ನಮ್ಮಪ್ಪನ ಹೆಸರು ಯಾಕೆ ಅಳಿಸಬೇಕು ಅಂತ ಕೇಳಿದ್ರು. ಪಾಲು ಕೊಡಲೇಬೇಕಾಯ್ತು. ಐವರ ಹೆಸರೂ ಇವತ್ತಿಗೂ ಅದರಲ್ಲುಂಟು. ಹೊರಗಿನಿಂದ ಬಂದು ಸೇರಿದವರನ್ನೂ ಕುಲದೊಳಗೆ ಬರ್ಕೊಂಡಿದ್ದಾರೆ."

ನೋಡಿ, ಅಪ್ಪನ ಲೆಕ್ಕ ಹಿಡಿದವರೇ ಹೆಣ್ಣುಮಕ್ಕಳಿಗೆ ಜಾಗ ಮಾಡಿದರು. ತಾಯಿಯ ಲೆಕ್ಕದ ನಾವು ತಾಯಿಯನ್ನೇ ಹೊರಗೆ ಹಾಕಿದೆವು. ಇದಕ್ಕೆ ಕಲರ್ ಪ್ರಿಂಟ್ ಬೇರೆ ಕೇಡು.

ಪೂಜೆಯ ದಿನ ಅಧ್ಯಕ್ಷರು ಜರಿಶಾಲು ಹೊದ್ದು ಸಂಕಲ್ಪಕ್ಕೆ ಕೂತರು. ಪಕ್ಕದಲ್ಲಿ ಹೆಂಡತಿ. ಭಟ್ರು ಬಳಿ ಯಾವುದೆಂದು ಕೇಳಿದರು. ಭಾವ ತನ್ನದನ್ನು ಹೇಳಿದ. ಭಟ್ರು ತಲೆಯೆತ್ತಿದರು.

"ಅದ್ ನಿಮ್ಮ ಅಮ್ಮನ ಮನೆದ್ ಅಲ್ದಾ? ಈ ಮನೆ ಬಳಿಯರ್ ಯಾರ್ ಇದ್ರಿ?"

ಹೆಂಡತಿಯ ಬಳಿ ಇನ್ನೂ ಬೇರೆ. ಭಾವ ಒಮ್ಮೆ ತನ್ನದೇ ಫ್ಲೆಕ್ಸ್ ಕಡೆ ನೋಡಿದ. ಅದು ಏನು ಹೇಳೀತು, ಪಾಪ?

ಕೊನೆಯ ಸಾಲಿನಿಂದ ದೊಡ್ಡಮ್ಮ ಎದ್ದು ಬಂದಳು. ಬ್ಯಾಗಿನಿಂದ ಎಣ್ಣೆ ತೆಗೆದು ದೀಪ ಹಚ್ಚಿದಳು. ಏಳಲು ಹೊರಟಿದ್ದ ಭಾವನ ಭುಜ ಒತ್ತಿ, "ಕೂಕೋ ಶೇಖರ. ನನ್ನ ತಮ್ಮನ ಮಗ ನೀನ್, ಹೊರ್ಗಿನವ ಅಂಬುಕಾತ್ತಾ?" ಅಂದಳು.

ಅವನ ಮುಖ ನೋಡಿ ನನಗೆ ತುಸು ಕನಿಕರ ಬಂದದ್ದು ನಿಜ. ಅದು ಮರುದಿನ ಬೆಳಿಗ್ಗೆಯವರೆಗೆ ಮಾತ್ರ. ಸಮಿತಿಯ ವಾಟ್ಸಾಪ್ ಗ್ರೂಪಿನಲ್ಲಿ ಅಧ್ಯಕ್ಷರ ಪ್ರಕಟಣೆ ಬಂತು: ಫ್ಲೆಕ್ಸಿನಲ್ಲಿ ಜಾಗ ಉಳಿದರೆ ಮಹಿಳೆಯರ ಹೆಸರನ್ನೂ ಸೇರಿಸಲಾಗುವುದು.

ಅಲ್ಲ ಭಾವ, ಜಾಗವೇ ಸಮಸ್ಯೆಯಾದರೆ ಆ ಕೂಲಿಂಗ್ ಗ್ಲಾಸಿನ ಫೋಟೊ ಒಂಚೂರು ಸಣ್ಣದು ಮಾಡಬಹುದಲ್ಲ?