ತೋಡಿಗೆ ಮೀನು ಬಿಡುವ ಹುಟ್ಟುಹಬ್ಬ

ಬೇಡ ಅನ್ನುವುದು ನನಗೆ ಕಷ್ಟದ ಕೆಲಸವಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮನೆ ಮನೆಗೆ ವಾಟರ್ ಹೀಟರ್ ಮಾರಲು ಬರುವ ಹುಡುಗರು ಒಮ್ಮೆ ನನ್ನ ಮುಖ ಕಂಡರೆ ಮತ್ತೆ ನಮ್ಮ ಮೆಟ್ಟಿಲು ಹತ್ತುವುದಿಲ್ಲ. ಆದರೆ ಊರು ಬಿಟ್ಟು ಬಂದು ನಾವು ನೆಲೆಸಿದ ಒಂಟಾರಿಯೊದ ಪಿಕರಿಂಗ್‌ನಲ್ಲಿ ನಾನು ಎದುರಾಡಲಾರದವರು ಒಬ್ಬರಿದ್ದರು, ನಮ್ಮ ಬೀದಿಯ ಕೊನೆಯ ಮನೆಯ ಡಾಕ್ಟರಮ್ಮ. ಮೈಸೂರಿನವರು, ಹೆರಿಗೆ ಡಾಕ್ಟರು. ನಿವೃತ್ತರಾಗುವ ಮುಂಚೆ, ನನಗೆ ಮಗಳು ಹುಟ್ಟಿದಾಗ ಹೆರಿಗೆ ಮಾಡಿಸಿದವರು ಅವರೇ. ಆ ದಿನ ನಾನು ನೋವಿನಲ್ಲಿ ಅವರಿಗೆ ತುಳುವಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದರೆ, "ಬೈಯಮ್ಮಾ, ಚೆನ್ನಾಗಿ ಬೈಯಿ, ಅಷ್ಟರಲ್ಲಿ ಮಗು ಬಂದ್ಬಿಡತ್ತೆ" ಅಂದಿದ್ದರು. ಅಂಥವರಿಗೆ ಬೇಡ ಅನ್ನುವುದು ಹೇಗೆ?

೨೦೧೭ರ ಸೆಪ್ಟೆಂಬರಿನ ಒಂದು ಸಂಜೆ ಅವರು ಕೋಡುಬಳೆ ಡಬ್ಬ ಹಿಡಿದು ನಮ್ಮ ಮನೆಗೆ ಬಂದರು. ತಮ್ಮ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಹಾಲ್ ಬೇಡ, ಕೇಕ್ ಬೇಡ, ಮನೆಗಳ ಹಿಂದೆ ಹರಿಯುವ ಸಣ್ಣ ಹೊಳೆಗೆ, ನಮ್ಮ ಕರಾವಳಿಯ ಬಾಯಲ್ಲಿ ತೋಡಿಗೆ, ಎಲ್ಲರೂ ಸೇರಿ ಮೀನುಮರಿ ಬಿಡೋಣ ಅಂದರು. ಒಂದೊಂದು ಮನೆಯವರ ಕೈಗೆ ಒಂದೊಂದು ಬಕೆಟ್ಟು. ಊರಾಚೆಯ ಮೀನು ಸಾಕುವ ಫಾರ್ಮೊಂದರಲ್ಲಿ ಮಾತೂ ಆಡಿ ಬಂದಿದ್ದರು.

"ನಂಗಂತೂ ಮಕ್ಕಳಿಲ್ಲ. ಈ ದೇಶ ಎಲ್ಲಾ ಕೊಡ್ತು. ಹೋಗೋಕೆ ಮುಂಚೆ ಇಲ್ಲಿಯ ನೀರಿಗೆ ಒಂದಷ್ಟು ಜೀವ ಬಿಟ್ಟು ಹೋಗ್ಬೇಕು ಅಂತ ಆಸೆ ಕಣೇ. ನಮ್ಮಲ್ಲಿ ದೇವಸ್ಥಾನದ ಹೊಳೇಲಿ ಮೀನಿಗೆ ಪುರಿ ಹಾಕ್ತಾರಲ್ಲ, ಅದಕ್ಕಿಂತ ಒಂದು ಸ್ಟೆಪ್ ಮುಂದೆ ಅನ್ಕೋ."

ನನ್ನ ಗಂಡ ಮಲ್ಪೆ ಕಡೆಯವರು. ಮೀನು ಅಂದ ಕೂಡಲೇ ಟಿವಿ ಬಿಟ್ಟು ಎದ್ದು ಬಂದರು. "ಬೆಳೆದ ಮೇಲೆ ನಮಗೆ ಹಿಡಿಲಿಕ್ಕೆ ಬಿಡ್ತಾರಾ ಡಾಕ್ಟ್ರೇ?" ನಾನು ಕಣ್ಣು ಬಿಟ್ಟ ಮೇಲೆ ಸುಮ್ಮನೆ ಕೋಡುಬಳೆ ತಿಂದರು.

ನಾನು ಮಾತ್ರ ಕೈಯಲ್ಲಿದ್ದ ಕೋಡುಬಳೆಯನ್ನು ಡಬ್ಬದ ಮುಚ್ಚಳದ ಮೇಲೆ ಇಟ್ಟೆ. ಆ ತೋಡಿಗೆ ಹೊರಗಿನ ಮೀನು ಬಿಡಬಾರದೆಂದು ನನಗೆ ಗೊತ್ತಿತ್ತು. ಹೈಸ್ಕೂಲ್ ಮುಗಿಸಲು ಬೇಕಾದ ವಾಲಂಟಿಯರ್ ಗಂಟೆಗಳಿಗಾಗಿ ಮಗಳನ್ನು ತೋಡಿನ ಕೆಲಸ ಮಾಡುವ ಗುಂಪೊಂದಕ್ಕೆ ಸೇರಿಸಿದ್ದೆ. ಅವಳು ಗಂಟೆ ಮುಗಿಸಿ "ಅಮ್ಮಾ, ಐ ಆಮ್ ಡನ್" ಅಂದು ಕೈ ತೊಳೆದುಕೊಂಡಳು. ಕರೆದುಕೊಂಡು ಹೋಗಿ ಬರುತ್ತಿದ್ದ ನಾನು ಅಲ್ಲೇ ಉಳಿದುಬಿಟ್ಟೆ. ಶನಿವಾರ ಬೆಳಿಗ್ಗೆ ದಡದಲ್ಲಿ ಗಿಡ ನೆಡುವುದು, ಕಸ ಹೆಕ್ಕುವುದು, ಜೊತೆಗೆ ಒಂದಿಷ್ಟು ಮೀನಿನ ಪಾಠ.

ಅದಕ್ಕೆ ಮುಂಚೆ ನನಗೂ ಮೀನು ಅಂದರೆ ಕಾವಲಿಯ ಮೇಲಿನದೇ. ಊರಿಂದ ಅತ್ತೆ ಮಾವ ಬಂದಾಗ ನಯಾಗರ ತೋರಿಸಿದ ಹಾಗೆ, ಶರತ್ಕಾಲದಲ್ಲಿ ಕೆರೆಯಿಂದ ಮೇಲೇರಿ ಬರುವ ದೊಡ್ಡ ದೊಡ್ಡ ಸಾಲ್ಮನ್‌ಗಳನ್ನೂ ತೋರಿಸಿದ್ದೆವು. ಕೆರೆ ಅಂದರೆ ಸಮುದ್ರದಂಥ ಲೇಕ್ ಒಂಟಾರಿಯೊ. ಅದರ ಸ್ವಂತ ಸಾಲ್ಮನ್ ನೂರು ವರ್ಷಕ್ಕೂ ಹಿಂದೆಯೇ ಅಳಿದುಹೋಯಿತೆಂದೂ, ನಾವು ಫೋಟೋ ಹೊಡೆದುಕೊಂಡದ್ದು ಮೀನುಮರಿ ಕೇಂದ್ರಗಳಲ್ಲಿ ಬೆಳೆಸಿ ಬಿಟ್ಟವುಗಳ ಸಂತಾನವೆಂದೂ ಆಮೇಲೆ ತಿಳಿಯಿತು. ಅವು ನಮ್ಮ ತೋಡಿನ ಹಳೆಯ ಗಿರಣಿಯ ಅಣೆಕಟ್ಟೆಯವರೆಗೆ ಮಾತ್ರ ಬರುತ್ತವೆ, ಕಟ್ಟೆ ಹಾರಲಾರವು. ಕಟ್ಟೆಯ ಮೇಲುಗಡೆಯ ತಣ್ಣನೆಯ ಒರತೆ ನೀರಿನಲ್ಲಿ ಬ್ರೂಕ್ ಟ್ರೌಟ್ ಎಂಬ ಗೇಣುದ್ದದ ಮೀನು ಇದೆ. ಅದನ್ನು ಯಾರೂ ತಂದು ಬಿಟ್ಟದ್ದಲ್ಲ, ಇಲ್ಲಿಯದೇ.

ಡಾಕ್ಟರಮ್ಮ ಬಿಡಲು ಹೊರಟಿದ್ದದ್ದು ಆ ನೀರಿಗೆ. ಹೇಳುವುದನ್ನು ನಾನು ದಿನಾ ನಾಳೆಗೆ ಮುಂದೂಡಿದೆ. ಅಷ್ಟರಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಜಾತ್ರೆ ಶುರುವಾಗಿತ್ತು. ಟೀಶರ್ಟ್ ನೀಲಿಯೋ ಹಸಿರೋ ಎಂಬ ಜಗಳವೇ ಎರಡು ದಿನ ನಡೆಯಿತು. ಹುಟ್ಟುಹಬ್ಬಕ್ಕೆ ಎರಡು ವಾರ ಇದೆ ಅನ್ನುವಾಗ ಅವರ ಅಡುಗೆಮನೆಯಲ್ಲಿ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಡಾಕ್ಟ್ರಮ್ಮ, ಅದು ಬೇಡ. ಪರ್ಮಿಟ್ ಇಲ್ಲದೆ ಬಿಟ್ಟರೆ ಕಾನೂನಿನಲ್ಲೂ ತಪ್ಪು."

"ಎಪ್ಪತ್ತೈದಾದವಳನ್ನ ಯಾರೇ ಅರೆಸ್ಟ್ ಮಾಡ್ತಾರೆ? ಮಾಡ್ಲಿ, ಫೋಟೋ ಚೆನ್ನಾಗಿ ಬರತ್ತೆ."

"ತಮಾಷೆ ಅಲ್ಲ. ಆ ಮೀನು ಈಗ ತೋಡಿನಲ್ಲಿ ಇರುವ ಮೀನಿಗೆ ತೊಂದರೆ ಕೊಡ್ತದೆ."

"ನಾನೇನು ಬೇರೆ ಮೀನು ತರ್ತಿಲ್ಲಮ್ಮ. ಕೇಳ್ಕೊಂಡೇ ಬಂದಿದೀನಿ. ಅದೂ ಬ್ರೂಕ್ ಟ್ರೌಟೇ. ಸೇಮ್ ಸ್ಪೀಷೀಸ್."

ನನಗೆ ತಿಳಿದಷ್ಟು ವಿವರಿಸಿದೆ. ಫಾರ್ಮಿನ ಮರಿಗಳು ಕೂತಲ್ಲಿಗೇ ಊಟ ಬಂದು ಬೆಳೆದ ಮಕ್ಕಳ ಹಾಗೆ. ಗಾತ್ರ ಹೆಚ್ಚು, ಹೆದರಿಕೆ ಕಡಿಮೆ. ತೋಡಿನ ಮರಿಗಳ ಜಾಗವನ್ನೂ ತಿಂಡಿಯನ್ನೂ ಕಸಿದುಕೊಳ್ಳುತ್ತವೆ, ರೋಗ ತಂದರೂ ತರಬಹುದು. ಒಂದೇ ಜಾತಿಯಾದ್ದರಿಂದ ಇವುಗಳೊಂದಿಗೆ ಕೂಡುತ್ತವೆ. ಹುಟ್ಟುವ ಮರಿಗಳಿಗೆ ಈ ತೋಡಿನ ಚಳಿಗಾಲ ದಾಟುವ ಕಸುವು ಕಡಿಮೆಯಾಗುತ್ತದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ಅವರ ಮುಖ ಇಳಿಯಿತು.

"ಇಡೀ ಊರು ಸರಿ ಅಂತಿದೆ. ನೀನೇ ಅಡ್ಡಗಾಲು ಹಾಕ್ತೀಯಾ?" ಅಂದು ಒಲೆಯ ಕಡೆ ತಿರುಗಿಬಿಟ್ಟರು. ಮನೆಗೆ ಬಂದು ಪಾತ್ರೆ ತೊಳೆಯುತ್ತಾ ಅತ್ತುಬಿಟ್ಟೆ. ಅವರ ಆಸೆ ಎಷ್ಟು ಒಳ್ಳೆಯದು ಅನ್ನುವುದೇ ಸಂಕಟವಾಗಿತ್ತು.

ಮರು ಶನಿವಾರ ಗುಂಪಿನವರು ಬ್ರೂಕ್ ಟ್ರೌಟ್ ಮೊಟ್ಟೆಯಿಡಲು ಶುರುಮಾಡಿವೆ, ಕಟ್ಟೆಯ ಮೇಲುಗಡೆ ಯಾರೂ ನೀರಿಗೆ ಇಳಿಯಬೇಡಿ ಅಂದರು. ನಾನು ಕಸದ ಚೀಲ ಅಲ್ಲೇ ಬಿಟ್ಟು ನೇರ ಡಾಕ್ಟರಮ್ಮನ ಬಾಗಿಲು ತಟ್ಟಿದೆ.

"ಬೂಟು ಹಾಕ್ಕೊಳ್ಳಿ. ಮಾತಾಡೋದು ಬೇಡ, ಬನ್ನಿ ಸಾಕು."

ಅವರು ಮುಖ ಗಂಟುಹಾಕಿಕೊಂಡೇ ಬೂಟು ಹಾಕಿ ನನ್ನ ಕಾರು ಹತ್ತಿದರು. ಸೀಡರ್ ಮರಗಳ ನಡುವೆ ಬಿದ್ದಿದ್ದ ಒಂದು ದಿಮ್ಮಿಯ ಮೇಲೆ, ನೆರಳು ನೀರಿಗೆ ಬೀಳದ ಹಾಗೆ ಇಬ್ಬರೂ ಕುಳಿತೆವು. ಮೊಣಕಾಲಿನಷ್ಟೂ ಆಳವಿಲ್ಲದ ನೀರು. ಸ್ವಲ್ಪ ಹೊತ್ತಿಗೆ ಒಂದು ಹೆಣ್ಣು ಮೀನು ಮಗ್ಗುಲಾಗಿ, ಬಾಲದಿಂದ ಜಲ್ಲಿಕಲ್ಲನ್ನು ಪಟಪಟ ಹೊಡೆಯತೊಡಗಿತು.

"ಏನಾಗಿದ್ಯೇ ಅದಕ್ಕೆ? ಫಿಟ್ಸಾ?"

"ಅಲ್ಲ, ಮೊಟ್ಟೆ ಇಡ್ಲಿಕ್ಕೆ ಗುಂಡಿ ಮಾಡ್ತಾ ಉಂಟು."

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಪಕ್ಕದಲ್ಲೇ ಹೊಟ್ಟೆ ಕೇಸರಿ ಬಣ್ಣಕ್ಕೆ ತಿರುಗಿದ್ದ ಗಂಡು, ಹತ್ತಿರ ಬಂದ ಬೇರೆ ಗಂಡುಗಳನ್ನು ಅಟ್ಟುತ್ತಿತ್ತು. "ಅಯ್ಯೋ, ಈ ಗಂಡಸರನ್ನ ಆಚೆ ಕಳಿಸ್ಬೇಕು" ಅಂದು ಗೊಣಗಿದರು. ಹೆಣ್ಣು ಗುಂಡಿಯೊಳಗೆ ಇಳಿಯಿತು, ಗಂಡು ಪಕ್ಕಕ್ಕೆ ಬಂತು, ಎರಡರ ಮೈಯೂ ನಡುಗಿತು. ಡಾಕ್ಟರಮ್ಮ "ಹ್ಞಾಂ, ಬಂತು, ಬಂತು... ಗುಡ್ ಗರ್ಲ್" ಅಂದರು. ನನಗೆ ನಗು ತಡೆಯಲು ಕೈ ಬಾಯಿಗಿಡಬೇಕಾಯಿತು. ಹೆಣ್ಣು ಮೀನು ಸುಧಾರಿಸಿಕೊಳ್ಳಲೂ ನಿಲ್ಲದೆ ಮೊಟ್ಟೆಗಳ ಮೇಲೆ ಕಲ್ಲು ಮುಚ್ಚತೊಡಗಿತು.

"ಮರಿ ಯಾವಾಗ ಆಚೆ ಬರತ್ತೆ?"

"ವಸಂತಕ್ಕೆ. ಚಳಿಗಾಲ ಪೂರ್ತಿ ಕಲ್ಲಿನ ಕೆಳಗೇ ಇರ್ತದೆ."

"ಮಂಜು ಬಿದ್ದಾಗಲೂ? ಯಾರೂ ನೋಡ್ಕೊಳಲ್ವಾ?"

"ಯಾರೂ ಇಲ್ಲ. ಸಾವಿರಾರು ವರ್ಷದಿಂದ ಹಾಗೇ ಅಂತೆ."

ಬೆರಳು ಮರಗಟ್ಟುವವರೆಗೂ ಅವರು ಏಳಲಿಲ್ಲ. ಕೊನೆಗೆ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಎದ್ದು ನಿಂತರು.

"ನನ್ನ ಕೆಲಸದಲ್ಲಿ ಕಲಿಯೋಕೆ ತುಂಬಾ ಕಷ್ಟವಾಗಿದ್ದು ಯಾವುದು ಗೊತ್ತೇನೇ? ಎಲ್ಲಾ ಸರಿಯಾಗಿ ನಡೀತಿರುವಾಗ ಕೈ ಹಾಕದೆ ನಿಂತಿರೋದು. ಚಿಕ್ಕ ಡಾಕ್ಟರುಗಳಿಗೆ ಅದಕ್ಕೇ ಬೈತಿದ್ದೆ. ಈಗ ನೋಡು, ನಾನೇ ಬಕೆಟ್ ಹಿಡ್ಕೊಂಡು ಹೊರಟಿದ್ದೆ."

ಕಾರಿನಲ್ಲಿ ಕುಳಿತೇ ಫಾರ್ಮಿಗೆ ಫೋನ್ ಮಾಡಿ ಬೇಡ ಅಂದರು. ನಾನು ಸ್ಟೇರಿಂಗ್ ಹಿಡಿದು ಇನ್ನೊಮ್ಮೆ ಅತ್ತೆ, ಈ ಸಲ ಖುಷಿಗೆ.

ಹುಟ್ಟುಹಬ್ಬ ನಮ್ಮ ಬೇಸ್‌ಮೆಂಟಿನಲ್ಲಿ ಜೋರಾಗಿಯೇ ನಡೆಯಿತು. ನನ್ನ ಗಂಡ ಅದೇ ಫಾರ್ಮಿಗೆ ಹೋಗಿ ದೊಡ್ಡ ಮೀನುಗಳನ್ನು ಐಸಿನಲ್ಲಿಟ್ಟು ತಂದು ನಮ್ಮ ಕಡೆಯ ಹುಳಿ ಖಾರದ ಪುಳಿಮುಂಚಿ ಮಾಡಿದರು. "ಇವುಗಳನ್ನು ಬಿಡಲಿಕ್ಕೆ ಸರಿಯಾದ ಜಾಗ ಇದೇ" ಅಂದು ಪಾತ್ರೆ ತೋರಿಸಿದರು. ಡಾಕ್ಟರಮ್ಮ ಚಿತ್ರಾನ್ನ ತಿನ್ನುತ್ತಾ, ಬಂದವರಿಗೆಲ್ಲ ಬಕೆಟ್ ಯಾಕಿಲ್ಲ ಅನ್ನುವುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಹೆಣ್ಣು ಮೀನು ನಡುಗಿದ್ದನ್ನು ನಟಿಸಿಯೂ ತೋರಿಸಿದರು.

ಮುಂದಿನ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅವರ ಫೋನು ಬಂತು. "ಇರೋ ಹಾಗೇ ಬಾರೇ." ನೈಟಿಯ ಮೇಲೆ ಜಾಕೆಟ್ ಹಾಕಿಕೊಂಡು ಓಡಿದೆ. ತೋಡಿನ ಅಂಚಿನ ನಿಂತ ನೀರಿನಲ್ಲಿ, ಕತ್ತರಿಸಿ ಹಾಕಿದ ದಾರದ ತುಂಡುಗಳಂತೆ ಮರಿಗಳು ಓಡಾಡುತ್ತಿದ್ದವು. ಇಬ್ಬರೂ ಬಗ್ಗಿ ನೋಡುತ್ತಾ ನಿಂತೆವು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬಾತ ನಮ್ಮನ್ನು ಕಂಡು, ಏನು ನೋಡ್ತಿದ್ದೀರಿ ಎಂದು ವಿಚಾರಿಸಿದ. ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಮೀನುಮರಿಗಳು ಅಂದರು. ಆಮೇಲೆ, ಅವನು ಕೇಳದಿದ್ದರೂ, ಇದರಲ್ಲಿ ಒಂದನ್ನೂ ನಾನು ಬಿಟ್ಟದ್ದಲ್ಲ ಅಂದರು. ಆ ಮಾತನ್ನು ಅಷ್ಟು ಹೆಮ್ಮೆಯಿಂದ ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ.