ಮೆಹಂದಿ ಹಾಕಿಕೊಂಡು ಕಾನ್ವೆಂಟಿಗೆ ಹೋದದ್ದು

ಬೀದರಿನ ಚಿದ್ರಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇತ್ತು. ಮದುಮಗಳನ್ನು ಸಿಂಗರಿಸುವುದೆಂದರೆ ನನಗೆ ಊಟ ನಿದ್ದೆ ಬೇಡ. ಸಂತಪುರ, ಚಿಂತಾಕಿ, ಎಲ್ಲಿ ಮದುವೆಯಿದ್ದರೂ ಸಾಮಾನಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತುತ್ತಿದ್ದೆ. ನಡುವೆ ಮೂಗು ತೂರಿಸುವ ಅತ್ತಿಗೆ ನಾದಿನಿಯರನ್ನು ಮುಲಾಜಿಲ್ಲದೆ ಕೋಣೆಯಿಂದ ಹೊರಗೆ ಹಾಕುತ್ತಿದ್ದೆ.

ಇಂಥವಳಿಗೆ ಸನ್ಯಾಸ ತೆಗೆದುಕೊಂಡು ಸಿಸ್ಟರ್ ಆಗುವ ಆಸೆ! ನಮ್ಮದು ಕ್ಯಾಥೊಲಿಕ್ ಮನೆ. ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಕೂತಾಗಲೆಲ್ಲ ದೇವರು ಕರೆಯುತ್ತಿದ್ದಾನೆ ಅನ್ನಿಸುತ್ತಿತ್ತು. ಲಿಪ್‌ಸ್ಟಿಕ್ ಬಣ್ಣಕ್ಕೆ ಜಗಳ ಕಾಯುವವಳಿಗೆ ಸಿಸ್ಟರುಗಳಿರುವ ಕಾನ್ವೆಂಟಿನಲ್ಲಿ ಏನು ಕೆಲಸ? ಮೊದಲು ಪಾರ್ಲರಿನ ಮೋಹ ಇಳಿಯಲಿ ಎಂದು ವರ್ಷಗಟ್ಟಲೆ ಕಾದೆ. ಮೋಹವೂ ಇಳಿಯಲಿಲ್ಲ, ಕರೆಯೂ ನಿಲ್ಲಲಿಲ್ಲ. ಕೊನೆಗೆ ಭಾಲ್ಕಿಯ ಕಾನ್ವೆಂಟಿನಲ್ಲಿ ಕೆಲವು ತಿಂಗಳು ಇದ್ದು ನೋಡಲು ಒಪ್ಪಿಕೊಂಡೆ. ಅಂಗಡಿಗೆ ಬೀಗ ಹಾಕಿದೆನೇ ಹೊರತು ಬಿಟ್ಟುಕೊಡಲಿಲ್ಲ.

ಹೊರಡುವ ಹಿಂದಿನ ದಿನ, ನನಗೆ ಅಂಗಡಿ ಬಾಡಿಗೆಗೆ ಕೊಟ್ಟಿದ್ದ ಮುಸ್ಲಿಂ ಹೆಂಗಸು, ನಾನು ಚಿಕ್ಕಮ್ಮ ಎಂಬಂತೆ ಖಾಲಾ ಎನ್ನುತ್ತಿದ್ದವರು, ಮನೆಗೆ ಕರೆದರು. ಅವರ ಹೆಣ್ಣುಮಕ್ಕಳನ್ನೆಲ್ಲ ಮದುವೆಗೆ ಸಿಂಗರಿಸಿದವಳು ನಾನೇ.

"ನಮ್ಮನಿ ಹುಡುಗ್ಯಾರಿಗೆಲ್ಲ ನೀ ಸಿಂಗಾರ ಮಾಡಿ ಕಳಿಸಿದಿ ಬೇಟಾ. ನಿನಗ ಖಾಲಿ ಕೈಲೆ ಹ್ಯಾಂಗ ಕಳಸಲಿ?"

"ಅಲ್ಲಿ ಇದೆಲ್ಲಾ ನಡಿಯಂಗಿಲ್ರಿ ಖಾಲಾ."

"ಹುಡುಗಿ ಮನಿ ಬಿಟ್ಟು ಹೊಂಟಾಳಂದ್ರ ಮೆಹಂದಿ ಬೇಕೇ ಬೇಕು. ಸುಮ್ನ ಕೈ ಕೊಡು!"

ಮೊಣಕೈವರೆಗೆ ಹಚ್ಚಿದರು. ಊರಿಗೆಲ್ಲ ಮೆಹಂದಿ ಹಚ್ಚಿದ ನನಗೆ ಇನ್ನೊಬ್ಬರು ಹಚ್ಚಿದ್ದು ಅದೇ ಮೊದಲು. ಕಣ್ಣೀರು ಬಂತು, ಒರೆಸಿಕೊಳ್ಳುವಂತಿರಲಿಲ್ಲ. ಖಾಲಾ ತಮ್ಮ ಸೆರಗಿನಿಂದ ಒರೆಸಿದರು.

ಭಾಲ್ಕಿಯಲ್ಲಿ ಇಳಿದಾಗ ಮೆಹಂದಿ ಕಡುಗೆಂಪಾಗಿತ್ತು. ದುಪಟ್ಟಾದೊಳಗೆ ಕೈ ಮುಚ್ಚಿಕೊಂಡೇ ಹಿರಿಯ ಸಿಸ್ಟರ್ ಮುಂದೆ ನಿಂತೆ. ಅವರು ಔರಾದ ಕಡೆಯವರು, ಮಾತು ಕಡ್ಡಿ ಮುರಿದಂತೆ. ಚಹಾ ಕೊಟ್ಟರು, ಕೈ ಚಾಚಲೇಬೇಕಾಯಿತು.

"ಯಾರ್ ಹಚ್ಯಾರ?"

ಹೇಳಿದೆ. ಅವರು ನಗಲಿಲ್ಲ, ಗದರಲೂ ಇಲ್ಲ. ಇಷ್ಟು ವರ್ಷ ಗಂಟಲಲ್ಲಿದ್ದುದನ್ನು ಆಗ ಕೇಳಿಬಿಟ್ಟೆ. "ನನಗ ನನ್ನ ಕೆಲಸ ಭಾಳ ಸೇರ್ತದರಿ ಸಿಸ್ಟರ್. ಇಂಥಾಕಿ ಇಲ್ಲಿ ಇರಬಹುದೇನ್ರಿ?"

"ಕೆಲಸ ಬ್ಯಾಸರಾಗಿ ಬಂದೀನಿ ಅಂದಿದ್ರ ಈಗೇ ವಾಪಸ್ ಬಸ್ ಹತ್ತಸ್ತಿದ್ದೆ. ಬ್ಯಾಡಾದದ್ದು ದೇವರಿಗಿ ಕೊಟ್ರ ಅದೇನ್ ಕೊಟ್ಟಂಗ? ಆದ್ರ ಇಲ್ಲಿ ಆ ಕೆಲಸ ಇರಂಗಿಲ್ಲ. ಅಳು ಬರ್ತದ. ಬಂದಾಗ ನನ್ನ ಮುಂದ ಬಂದು ಅಳು, ಮುಚ್ಚಿಡಬ್ಯಾಡ."

ಒಬ್ಬರು ಸಿಂಗರಿಸಿ ಕಳಿಸಿದರು, ಇನ್ನೊಬ್ಬರು ಆ ಸಿಂಗಾರದೊಂದಿಗೇ ಒಳಗೆ ಕರೆದುಕೊಂಡರು. ಆ ಇಬ್ಬರು ಹೆಂಗಸರ ಉಪಕಾರವನ್ನು ನಾನು ಬದುಕಿರುವವರೆಗೂ ಮರೆಯುವುದಿಲ್ಲ.

ಮದುವೆ ಸೀಸನ್ ಶುರುವಾಯಿತು. ಒಂದು ಸಂಜೆ ಖಾಲಾ ತಮ್ಮ ಸಂಬಂಧಿಕರ ಹುಡುಗಿಯ ಮದುವೆ ಫೋಟೊ ಕಳಿಸಿದರು. ಬೇರೆ ಯಾರೋ ಸಿಂಗರಿಸಿದ್ದರು. ಚೆನ್ನಾಗಿಯೇ ಮಾಡಿದ್ದರು, ಅದೇ ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು. ಸಿಸ್ಟರ್ ಕೋಣೆಗೆ ಹೋಗಿ ಮಗುವಿನಂತೆ ಅತ್ತೆ. ಅವರು ಪಕ್ಕದಲ್ಲಿ ಕೂತು ಬೆನ್ನು ಸವರಿದರು, ಉಪದೇಶ ಮಾಡಲಿಲ್ಲ. ಪ್ರಾರ್ಥನೆಯ ಗಂಟೆ ಹೊಡೆಯಿತು. ನಾನು ಏಳಲು ಹೋದರೆ ಕೈ ಹಿಡಿದು ಕೂರಿಸಿ, "ಅಳು ಮುಗೀಲಿ ತಡಿ" ಎಂದರು.

ನಾವಿಬ್ಬರೂ ಪ್ರಾರ್ಥನೆಯ ಕೋಣೆಗೆ ಹೋದಾಗ ಉಳಿದವರೆಲ್ಲ ತಿರುಗಿ ನೋಡಿದರು. ಆ ಸಿಸ್ಟರ್ ಪ್ರಾರ್ಥನೆಗೆ ತಡವಾಗಿ ಬಂದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲವಂತೆ. ಮರುದಿನ ಬೆಳಿಗ್ಗೆ ಖಾಲಾಗೆ ಫೋನು ಮಾಡಿ, ಅಂಗಡಿಯನ್ನು ಬೇರೆಯವರಿಗೆ ಕೊಟ್ಟುಬಿಡಿ ಎಂದೆ.