ಎರಡು ಒನಕೆಯ ಬಂದರು

ಸೋಲಾಪುರದ ಕಲ್ಯಾಣಮ್ಮ ಸಮುದ್ರ ಕಂಡವಳಲ್ಲ. ಅವಳು ನೋಡಿದ ದೊಡ್ಡ ನೀರೆಂದರೆ ಕುರನೂರ ಡ್ಯಾಮಿನದು. ಆದರೂ ಒಂದು ಬಂದರು ಊರಿನ ಓಣಿ ಓಣಿಯೂ ಅವಳಿಗೆ ಗೊತ್ತಿತ್ತು. ಆ ಊರನ್ನು ಕಟ್ಟಿದವರು ಅವಳು ಮತ್ತು ಪಕ್ಕದ ಮನೆಯ ಲೀಲಾಬಾಯಿ, ಶೇಂಗಾ ಚಟ್ನಿ ಕುಟ್ಟುತ್ತ ಕುಟ್ಟುತ್ತ.

ಕಲ್ಯಾಣಮ್ಮನ ಗಂಡನ ಅಂಗಡಿಗೆ ಚಟ್ನಿ ಈ ಇಬ್ಬರದೇ. ಒಂದು ಒರಳು, ಎರಡು ಒನಕೆ. ಇವಳದು ಏಳುವಾಗ ಅವಳದು ಬೀಳಬೇಕು. ತಾಳ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ತಾಳ ಹಿಡಿಯಲೆಂದು ಶುರುವಾದ ಕತೆ ಅದು. ಆ ಊರಿನಲ್ಲಿ ದಂಡೆಯವರು ಮೊದಲಿನಿಂದ ಇದ್ದವರು. ಹಾಯಿಯವರು ಹಡಗಿನಲ್ಲಿ ಬಂದು ನಿಂತವರು. ಬಾವಿಗೆ ಜಗಳ, ಸಂತೆಗೆ ಜಗಳ, ಹೆಣ್ಣು ಕೊಟ್ಟು ತರುವ ಮಾತೇ ಇಲ್ಲ. ದೀಪದ ಗೋಪುರ ಮಾತ್ರ ಒಂದೇ. ಅದರ ಎಣ್ಣೆ ದಂಡೆಯವರದು, ಬತ್ತಿ ಹಾಯಿಯವರದು. ಹಗಲೆಲ್ಲ ಬೈದಾಡಿದರೂ ಸಂಜೆಗೆ ಇಬ್ಬರೂ ಮೆಟ್ಟಿಲು ಹತ್ತಲೇಬೇಕು.

ದಂಡೆಯವರ ಮಾತು ಕಲ್ಯಾಣಮ್ಮನದು, ಹಾಯಿಯವರದು ಲೀಲಾಬಾಯಿಯದು. ಒಬ್ಬರ ಮಂದಿಯ ಬಾಯಲ್ಲಿ ಇನ್ನೊಬ್ಬರು ಮಾತು ಇಡುವಂತಿಲ್ಲ, ಅದು ಕರಾರು.

"ನಿಮ್ಮ ದಂಡಿಯವ್ರು ನೀರು ಸೈತ ತೂಗಿ ಕೊಡ್ತಾರ ಕಲ್ಯಾಣಕ್ಕ, ಥೇಟ್ ನಿಮ್ಮ ಯಜಮಾನ್ರಂಗ" ಎಂದು ಲೀಲಾಬಾಯಿ ಕುಟುಕುವಳು.

"ನಿಮ್ಮವ್ರು ನೀರು ಕುಡದು, ಬಾವೀನೂ ನಮ್ದ ಅಂತಾರಲ್ಲ, ಅದಕ್ಕ" ಎಂದು ಇವಳು.

ಗಂಡ ತೀರಿಹೋದ, ಅಂಗಡಿ ಮುಚ್ಚಿತು. ಮನೆಮಟ್ಟಿಗೆ ಕುಟ್ಟುವುದು ನಿಲ್ಲಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಬಾವಿಯ ಜಗಳ ಹದ ಮೀರಿ, ಲೀಲಾಬಾಯಿ ತನ್ನ ಮಂದಿಯನ್ನೆಲ್ಲ ಹಡಗು ಹತ್ತಿಸಿಬಿಟ್ಟಳು.

"ತಿರುಗಿ ಬರ್ತಾರಿಲ್ಲೋ?" ಎಂದಳು ಕಲ್ಯಾಣಮ್ಮ.

"ನಾಳಿ ಹೇಳ್ತೀನಿ. ಒಂದಿನ ಕತ್ತಲದಾಗ ಕುಂದರ್ಲಿ ನಿಮ್ಮ ಮಂದಿ."

ಅದೇ ಸಂಜೆ ಲೀಲಾಬಾಯಿಗೆ ಜ್ವರ ಬಂತು. ಮಗ ಅಕ್ಕಲಕೋಟದ ತನ್ನ ಮನೆಗೆ ಕರೆದೊಯ್ದ. ಅವಳು ತೀರಿಕೊಂಡ ಸುದ್ದಿ ಕಲ್ಯಾಣಮ್ಮನನ್ನು ಮುಟ್ಟುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು.

ಅಂದಿನಿಂದ ಗೋಪುರ ಕತ್ತಲೆ. ಎಣ್ಣೆ ಇದೆ, ಬತ್ತಿ ಇಲ್ಲ. ಹಡಗುಗಳು ಎಲ್ಲಿ ಅಲೆಯುತ್ತಿವೆಯೋ. ಎರಡು ಮಾತಿನಲ್ಲಿ ದಂಡೆಗೆ ತರಬಹುದಿತ್ತು. ಆದರೆ ಅವರು ಇವಳ ಮಂದಿಯಲ್ಲ. ಓಣಿಯಲ್ಲಿ ಯಾರಿಗೆ ಹೇಳಿಕೊಂಡಾಳು ಇದನ್ನು? ಒರಳಿನ ಮೇಲೆ ಹಲಗೆ ಮುಚ್ಚಿಟ್ಟಳು.

ವರ್ಷದ ಪುಣ್ಯತಿಥಿಗೆ ಅಕ್ಕಲಕೋಟಕ್ಕೆ ಹೋದಳು. ಉಂಡು ಕೈ ತೊಳೆಯುವಾಗ ಲೀಲಾಬಾಯಿಯ ಸೊಸೆ ಉಜ್ವಲಾಳನ್ನು ಮೆಲ್ಲಗೆ ಕೇಳಿದಳು: "ನಿಮ್ಮತ್ತಿ ಹಡಗದ ಸುದ್ದಿ ಏನರೆ ಆಡಿದ್ಲೇನವಾ?"

"ಹಡಗಾ? ಅತ್ತಿಯವ್ರು ಪಂಢರಪುರದಾಗ ನಾವಿ ಹತ್ತಾಕ ಸೈತ ಅಂಜತಿದ್ರು, ಮಾವಶಿ." ಉಜ್ವಲಾ ನಕ್ಕು, ಏನೋ ನೆನಪಾಗಿ ತಡೆದಳು. "ಜ್ವರದಾಗ ಒಂದ ಮಾತು ಹಚ್ಚಿದ್ರು ನೋಡ್ರಿ. ಬತ್ತಿ ಅಲ್ಲೇ ಬಿಟ್ಟ ಬಂದೀವಿ, ಕಲ್ಯಾಣಕ್ಕಗ ಹೇಳ್ರಿ ಅಂತ. ದೇವರ ಬತ್ತಿ ನಿಮ್ಮ ಮನ್ಯಾಗ ಮರತಾರ ಅಂತ ನಾ ತಿಳಕೊಂಡೆ. ನಮ್ಮ ಕಡಿ ಹೊಸಾವ ಅದಾವರಿ. ನಿಮ್ಮಲ್ಲಿ ಬಿಟ್ಟಾವು ನೀವ ಹಚ್ಚಿಬಿಡ್ರಿ."

ಕಲ್ಯಾಣಮ್ಮ "ಹೂಂ" ಎಂದಳು. ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡೇ ಕುಳಿತಳು.

ಮರುದಿನ ಹಲಗೆ ತೆಗೆದು, ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರ, ಉಪ್ಪು ಒರಳಿಗೆ ಸುರಿದಳು. ತನ್ನ ಒನಕೆ ಎತ್ತಿದಳು. ದಂಡೆಯವರು ಗೋಪುರ ಹತ್ತಿದರು. ಗೂಡಿನಲ್ಲಿ ಬತ್ತಿ ಇತ್ತು, ಸಿಟ್ಟಿನಲ್ಲಿ ಹೋದವರು ಬಿಟ್ಟುಹೋದದ್ದು. ಎಣ್ಣೆ ಹಾಕಿ ಹಚ್ಚಿದರು. ನೀರಿನ ಮೇಲೆ ಬೆಳಕು ದೂರದವರೆಗೂ ಬಿತ್ತು. ಇಲ್ಲಿಗೆ ಅವಳ ಪಾಲಿನ ಮಾತು ಮುಗಿಯಿತು.

ಇವಳದು ಒಂದು ಪೆಟ್ಟು, ಆಮೇಲೆ ಒಂದು ಪೆಟ್ಟಿನಷ್ಟು ಸುಮ್ಮನೆ, ಮತ್ತೆ ಇವಳದು. ಇನ್ನೊಂದು ಒನಕೆ ಗೋಡೆಗೆ ಒರಗಿತ್ತು. ಅದರ ಪಾಳಿಯಲ್ಲಿ ಇವಳು ಕುಟ್ಟಲಿಲ್ಲ.